ಕೊಲಂಬಿಯಾ ಅಳಿವೆಯಲ್ಲಿ ನಾಲ್ಕು ದಿನ, ಜೊತೆಗೊಂದು ಚಾ ಜರಡಿ

ಅಪ್ಪ ಊರಿಂದ ಅಮೆರಿಕದ ಒರೆಗಾನ್‌ಗೆ, ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಹಿಲ್ಸ್‌ಬರೊದ ನಮ್ಮ ಮನೆ, ಪಕ್ಕದ ಪಾರ್ಕು, ಶನಿವಾರದ ಸಂತೆ ಎಲ್ಲ ನೋಡಿ ಮುಗಿದಿತ್ತು. ಅಪ್ಪ ಹುಟ್ಟಿ ಬೆಳೆದದ್ದು ಕುಮಟಾ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಕಡೆ. ಚಿಕ್ಕವರಿದ್ದಾಗ ಇಳಿತದ ಹೊತ್ತಿಗೆ ಹೊಳೆಗಿಳಿದು ಬೆಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕಿ ತರುತ್ತಿದ್ದರಂತೆ. ಆಮೇಲೆ ಮೇಷ್ಟ್ರಾದರು. ಒಂದು ದಿನ ಊಟ ಮಾಡ್ತಾ ಇಲ್ಲಿಯ ಕೊಲಂಬಿಯಾ ಹೊಳೆಯ ಮಾತು ಬಂದಾಗ ಕೇಳಿದರು, "ಇಷ್ಟು ದೊಡ್ಡ ಹೊಳೆ, ಇಷ್ಟು ದೊಡ್ಡ ಹೊಳೆ ಅಂತೀರಿ. ಅದು ಸಮುದ್ರ ಸೇರುವ ಜಾಗ ತೋರಿಸೂದಿಲ್ವೇನೇ ಮಗಾ?"

ಅದೇ ಹೊತ್ತಿಗೆ ಮಗಳ ತಲೆಯಲ್ಲಿ ಸ್ಟರ್ಜನ್ ಮೀನು ಕೂತಿತ್ತು. ಶಾಲೆಯಿಂದ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದರು. ನೂರು ವರ್ಷ ಬದುಕುವ, ಕಾರಿನಷ್ಟು ಉದ್ದ ಆಗಬಲ್ಲ ಮೀನು, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಹಾಗಾದರೆ ಅದು ತಿನ್ನುವುದು ಏನನ್ನು? ಚಿಕ್ಕದಿದ್ದಾಗ ಏನು ತಿಂದು ಅಷ್ಟು ದೊಡ್ಡದಾಗುತ್ತದೆ? ಅವಳ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವರಿಗೆ ರಜೆ ಸಿಗಲಿಲ್ಲ. ಜುಲೈ ಎರಡನೇ ವಾರ ನಾವು ಮೂರೇ ಜನ ಹೊರಟೆವು. ಕೂಲರ್‌ನಲ್ಲಿ ಮೊಸರನ್ನ, ಡಬ್ಬಿಯಲ್ಲಿ ಅವಲಕ್ಕಿ, ಚಟ್ನಿಪುಡಿ, ಒಂದು ಚಿಕ್ಕ ಗ್ಯಾಸ್ ಒಲೆ, ಚಾ ಪುಡಿ, ಚಾ ಜರಡಿ.

ಮೊದಲ ದಿನ: ಬಾನೆವಿಲ್

ಅಳಿವೆ ಇರುವುದು ಪಶ್ಚಿಮಕ್ಕೆ. ನಾವು ಮೊದಲು ಹೋಗಿದ್ದು ಪೂರ್ವಕ್ಕೆ, ಬಾನೆವಿಲ್ ಅಣೆಕಟ್ಟಿನ ಕಡೆ. ಮರಿಗಳು ಹುಟ್ಟುವ ಜಾಗ ಮೊದಲು ನೋಡೋಣ ಅಂತ. ದಾರಿಯಲ್ಲಿ ಮಲ್ಟ್‌ನೋಮಾ ಜಲಪಾತ ಸಿಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಕಾರು ನಿಲ್ಲಿಸಲು ಮೊದಲೇ ಸಮಯ ಕಾದಿರಿಸಬೇಕು, ನಾವು ಮಾಡಿರಲಿಲ್ಲ. ಕಾರಿನ ಕಿಟಕಿಯಿಂದಲೇ ನೋಡಿದೆವು. "ಉಂಚಳ್ಳಿ ಹಂಗೇ" ಅಂದರು ಅಪ್ಪ, ಅಲ್ಲಿಗೆ ಆ ಮಾತು ಮುಗಿಯಿತು.

ಬಾನೆವಿಲ್‌ನ ಮೀನುಮರಿ ಕೇಂದ್ರ 1909ರದ್ದು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ದೊಡ್ಡ ದೊಡ್ಡ ಮರಗಳು, ಹೂವಿನ ಪಾತಿ, ಟ್ರೌಟ್ ಮೀನಿನ ಕೊಳ. ಕೊನೆಯಲ್ಲಿ ಒಂದು ಕೊಳಕ್ಕೆ ನೆಲದ ಮಟ್ಟದ ಕೆಳಗೆ ಗಾಜಿನ ಕಿಟಕಿ ಇಟ್ಟಿದ್ದಾರೆ. ಅದರ ಹಿಂದೆ ಹರ್ಮನ್ ಇದ್ದಾನೆ. ಹರ್ಮನ್ ಒಂದು ಬಿಳಿ ಸ್ಟರ್ಜನ್. ಹತ್ತು ಅಡಿಗಿಂತ ಉದ್ದ, ಇನ್ನೂರು ಕಿಲೋಗಿಂತ ಜಾಸ್ತಿ ತೂಕ, ವಯಸ್ಸು 80 ದಾಟಿದೆ. ಅಪ್ಪ ಕಿಟಕಿ ಮುಂದೆ ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ.

ಹತ್ತಿರದಿಂದ ನೋಡಿದಾಗ ಗೊತ್ತಾಗುವುದು ಆ ಮೀನಿನ ಕೆಳಭಾಗ. ಮೂತಿ ಸಲಿಕೆಯ ಹಾಗೆ ಮುಂದೆ ಚಾಚಿದೆ. ಮೂತಿಯ ಅಡಿಯಲ್ಲಿ ನಾಲ್ಕು ಮೀಸೆ, ಒಂದೇ ಸಾಲಿನಲ್ಲಿ, ನೆಲ ಸವರುತ್ತಾ ಹೋಗುತ್ತವೆ. ಮೀಸೆಯ ಹಿಂದೆ ಬಾಯಿ. ಅದು ಮುಖದಲ್ಲಿಲ್ಲ, ಗಂಟಲಿನ ಕೆಳಗಿದೆ ಅನ್ನಬೇಕು. ನಾವು ನೋಡುತ್ತಿದ್ದಾಗಲೇ ಒಂದು ಚಿಕ್ಕ ಸ್ಟರ್ಜನ್ ಕಿಟಕಿಯ ಬುಡಕ್ಕೆ ಬಂತು, ಮೀಸೆ ಏನನ್ನೋ ಮುಟ್ಟಿತು, ತಕ್ಷಣ ಬಾಯಿ ಕೊಳವೆಯಂತೆ ಹೊರಗೆ ಜಾರಿ ಅದನ್ನು ಎಳೆದುಕೊಂಡು ಒಳಗೆ ಹೋಯಿತು. ಕಣ್ಣಿಗೆ ಅಲ್ಲೇನೂ ಕೆಲಸವೇ ಇಲ್ಲ. ಮೀಸೆಗೇ ರುಚಿ ಗೊತ್ತಾಗುತ್ತದೆ. ಮಗಳು ಮತ್ತೆ ಮತ್ತೆ "ಅಜ್ಜ, ಇನ್ನೊಂದು ಸಲ ಮಾಡುತ್ತೆ ನೋಡು" ಅಂತ ಗಾಜಿಗೆ ಮೂಗು ಒತ್ತಿ ನಿಂತಳು.

ಮರಿ ಹುಟ್ಟುವುದು ಇಲ್ಲೇ, ಅಣೆಕಟ್ಟಿನ ಕೆಳಗೆ ನೀರು ಭೋರ್ಗರೆದು ಹರಿಯುವ ಕಲ್ಲಿನ ಜಾಗದಲ್ಲಿ. ವಸಂತದಿಂದ ಬೇಸಿಗೆಯ ಶುರುವಿನವರೆಗೆ ಹೆಣ್ಣುಗಳು ಮೊಟ್ಟೆ ಇಡುತ್ತವೆ, ಅದು ಕಲ್ಲಿಗೆ ಅಂಟಿಕೊಳ್ಳುತ್ತದೆ. ಒಡೆದು ಹೊರಬಂದ ಕೂಸುಗಳನ್ನು ಹೊಳೆಯೇ ಕೆಳಗೆ ಹೊತ್ತೊಯ್ಯುತ್ತದೆ. ಕೂಸುಗಳಿಗೆ ಉಪ್ಪುನೀರು ಆಗುವುದಿಲ್ಲ. ಹಾಗಾಗಿ ಮೊದಲು ಸಿಹಿನೀರಲ್ಲೇ ಇದ್ದು, ಸ್ವಲ್ಪ ಬಲಿತ ಮೇಲೆ ಅಳಿವೆಯ ಕಡೆ ಇಳಿಯುತ್ತವೆ. ಸಮುದ್ರದ ಉಬ್ಬರ ಇಳಿತ ಈ ಅಣೆಕಟ್ಟಿನ ಬುಡದವರೆಗೂ ಬರುತ್ತದೆ. ಅಂದರೆ ಹತ್ತಿರ ಹತ್ತಿರ 235 ಕಿಲೋಮೀಟರ್! ಅಪ್ಪ ಅದನ್ನು ನಂಬಲಿಲ್ಲ. ಉಪ್ಪು ಬರುವುದಿಲ್ಲ, ನೀರಿನ ಮಟ್ಟ ಮಾತ್ರ ಏರಿಳಿಯುತ್ತದೆ ಅಂತ ವಿವರಿಸಿದ ಮೇಲೆ ಒಪ್ಪಿದರು.

ಸಂಜೆ ಮನೆಗೇ ವಾಪಸ್. 36 ಡಿಗ್ರಿ ಬಿಸಿಲು. ಕೂಲರ್‌ನಲ್ಲಿದ್ದ ಮೊಸರನ್ನ ಮಧ್ಯಾಹ್ನವೇ ಖಾಲಿಯಾಗಿತ್ತು, ಅಷ್ಟು ಸೆಖೆ.

ಎರಡನೇ ದಿನ: ದೋಣಿ ತಪ್ಪಿತು, ಚಿಪ್ಪು ಸಿಕ್ಕಿತು

30ನೇ ಹೆದ್ದಾರಿ ಹೊಳೆಯ ಪಕ್ಕವೇ ಸಾಗುತ್ತದೆ, ಆದರೆ ಹೊಳೆ ಕಾಣುವುದು ಅಪರೂಪ. ಮರದ ಮಿಲ್ಲು, ಕಾಡು, ಮತ್ತೆ ಕಾಡು. ನೇರ ಅಸ್ಟೋರಿಯಾಕ್ಕೆ ಹೋಗಬಹುದಿತ್ತು. ನಾನು ವೆಸ್ಟ್‌ಪೋರ್ಟ್‌ನಲ್ಲಿ ಬಲಕ್ಕೆ ತಿರುಗಿಸಿದೆ. ಅಲ್ಲಿಂದ ಪ್ಯೂಜೆಟ್ ದ್ವೀಪಕ್ಕೆ ಕಾರು ದಾಟಿಸುವ ಚಿಕ್ಕ ದೋಣಿ ಇದೆ. ಕೊಲಂಬಿಯಾದ ಕೆಳಭಾಗದಲ್ಲಿ ಉಳಿದಿರುವ ಕೊನೆಯ ಫೆರಿ ಅದು. ಗಂಟೆಗೊಂದು ಸಲ ಬರುತ್ತದೆ. ನಾವು ತಲುಪಿದಾಗ ಅದು ದಂಡೆ ಬಿಟ್ಟು ಹತ್ತು ಮಾರು ಹೋಗಿತ್ತು, ಡೆಕ್ಕಿನ ಮೇಲಿದ್ದ ಹುಡುಗ ಕೈ ಬೀಸಿದ.

ಒಂದು ಗಂಟೆ ಕಾಯಬೇಕು. ಒಲೆ ಹಚ್ಚಿ ಚಾ ಮಾಡಿದೆವು. ನಮ್ಮ ಹಿಂದೆ ಪಿಕಪ್ ನಿಲ್ಲಿಸಿದ್ದ ಅಜ್ಜಿಯೊಬ್ಬರಿಗೂ ಒಂದು ಲೋಟ ಕೊಟ್ಟೆವು. ದ್ವೀಪದವರೇ. ಅವರ ಗಂಡನ ಮನೆಯವರು ಮೂರು ತಲೆಮಾರಿನಿಂದ ಬಲೆ ಹಾಕಿ ಬದುಕಿದವರು. ಸ್ಟರ್ಜನ್ ಅಂದ ಕೂಡಲೇ ಅವರು ಚಳಿಗಾಲದ ಸ್ಮೆಲ್ಟ್ ಮೀನಿನ ಸುದ್ದಿ ತೆಗೆದರು. ಬೆರಳುದ್ದದ ಮೀನು, ಹೆಸರು ಯೂಲಕಾನ್. ಮೈತುಂಬ ಎಣ್ಣೆ. ಒಣಗಿಸಿ ಬೆಂಕಿ ಹಚ್ಚಿದರೆ ಮೇಣದಬತ್ತಿಯ ಹಾಗೆ ಉರಿಯುತ್ತದೆ. ಚಳಿಗಾಲದ ಕೊನೆಗೆ ಅವು ಸಮುದ್ರದಿಂದ ಹೊಳೆಗೆ ಏರಿ ಬಂದು ಮರಳಿನ ಕಣಗಳಿಗೆ ಮೊಟ್ಟೆ ಅಂಟಿಸುತ್ತವೆ. ಆ ಸಮಯದಲ್ಲಿ ದೊಡ್ಡ ಸ್ಟರ್ಜನ್‌ಗಳು ಮೀನನ್ನೇ ನುಂಗುತ್ತವೆ, ಮರಿಗಳು ಮರಳು ಸೋಸಿ ಮೊಟ್ಟೆ ತಿನ್ನುತ್ತವೆ. "ಹೊಳೆಗೆ ಹಬ್ಬ ಬಂದ ಹಾಗೆ ಇರ್ತಿತ್ತು" ಅಂದರು ಅಜ್ಜಿ. ಈಗ ಅಷ್ಟು ಬರುವುದಿಲ್ಲ. 2010ರಿಂದ ಯೂಲಕಾನ್ ಕೂಡ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿದೆ. ಚಾ ತುಂಬಾ ಸಿಹಿಯಾಯ್ತು ಅಂದರು, ಆದರೂ ಪೂರ್ತಿ ಕುಡಿದರು.

ದ್ವೀಪದ ಮರಳು ದಂಡೆಯಲ್ಲಿ ಅಪ್ಪನಿಗೆ ಚಿಪ್ಪು ಸಿಕ್ಕಿತು. ಉಗುರಿನಷ್ಟು ಅಗಲ, ಹಳದಿ ಮಿಶ್ರಿತ ಕಂದು, ಮೇಲೆ ಸಾಲು ಸಾಲು ಗೆರೆ. "ಇದು ನಮ್ಮ ಬೆಳಚಿನ ಹಂಗೇ ಇದೆಯಲ್ಲೇ ಮಗಾ!" ಅಂತ ಅಂಗೈ ತುಂಬ ಹೆಕ್ಕಿದರು. ಎಪ್ಪತ್ತು ದಾಟಿದ ಮೇಲೆ ಅಪ್ಪ ಹೀಗೆ ಬಗ್ಗಿ ಬಗ್ಗಿ ಹೆಕ್ಕಿದ್ದನ್ನು ನಾನು ನೋಡಿರಲಿಲ್ಲ. ಇದು ಕಾರ್ಬಿಕ್ಯುಲಾ, ಏಷ್ಯಾದಿಂದ ಬಂದ ಸಿಹಿನೀರಿನ ಚಿಪ್ಪು. ಇಡೀ ಅಮೆರಿಕದಲ್ಲಿ ಇದು ಮೊದಲು ಕಣ್ಣಿಗೆ ಬಿದ್ದಿದ್ದು 1938ರಲ್ಲಿ, ಇದೇ ಹೊಳೆಯ ದಂಡೆಯಲ್ಲಿ, ನ್ಯಾಪ್ಟನ್ ಅನ್ನುವ ಊರಿನ ಹತ್ತಿರ. ಈಗ ಹೊಳೆ ತುಂಬ ಇದೆ. ಸ್ವಲ್ಪ ಬೆಳೆದ ಸ್ಟರ್ಜನ್‌ಗಳು ಇದನ್ನೂ ತಿನ್ನುತ್ತವೆ, ಚಿಪ್ಪಿನ ಸಮೇತ. ಹಲ್ಲಿಲ್ಲದಿದ್ದರೂ ಹೊಟ್ಟೆಯ ಒಂದು ಭಾಗ ಕೋಳಿಯ ಕಲ್ಲುಹೊಟ್ಟೆಯ ಹಾಗೆ ದಪ್ಪ ಮಾಂಸಖಂಡ. ಅರೆಯುವ ಕೆಲಸ ಅಲ್ಲಿ ಆಗುತ್ತದೆ.

ಕ್ಯಾಥ್ಲಾಮೆಟ್, ಸ್ಕಮಾಕವಾ ದಾಟಿ 401ನೇ ರಸ್ತೆ ಹಿಡಿದೆವು. ಆ ನ್ಯಾಪ್ಟನ್ ಇರುವುದು ಅದೇ ರಸ್ತೆಯಲ್ಲಿ. ಊರು ಅಂತ ಹೇಳಲು ಹೆಚ್ಚೇನೂ ಉಳಿದಿಲ್ಲ, ನೀರಲ್ಲಿ ಕೊಳೆತ ಕಂಬಗಳ ಸಾಲು. ಅಪ್ಪ ಕಾರು ನಿಲ್ಲಿಸು ಅಂದರು. ಜೇಬಿನಿಂದ ಒಂದು ಚಿಪ್ಪು ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು.

ಆಮೇಲೆ ಸೇತುವೆ. ಅಸ್ಟೋರಿಯಾ ಮೆಗ್ಲರ್ ಸೇತುವೆ, 1966ರದ್ದು, ಆರೂವರೆ ಕಿಲೋಮೀಟರ್ ಉದ್ದ. ಎದುರು ದಂಡೆಯ ವಾಷಿಂಗ್ಟನ್ ರಾಜ್ಯದ ಕಡೆಯಿಂದ ಬಂದರೆ ತುಂಬಾ ದೂರ ನೀರಿಗೆ ತಾಗಿದ ಹಾಗೇ ಹೋಗುತ್ತೀರಿ, ಕೊನೆಗೆ ಒಮ್ಮೆಲೇ ಮೇಲೇರಿ ಸುರುಳಿ ಸುತ್ತಿ ಊರಿಗೆ ಇಳಿಯುತ್ತದೆ. ಈ ಕಡೆಯಿಂದಲೇ ಬನ್ನಿ ಅನ್ನುತ್ತೇನೆ ನಾನು. ಹೊಳೆ ಎಷ್ಟು ಅಗಲ ಅನ್ನುವುದು ಮೈಗೆ ತಾಗುವುದು ಹಾಗೆ ಬಂದರೆ ಮಾತ್ರ. ಹಿಲ್ಸ್‌ಬರೊದಲ್ಲಿ ಬೆವರಿದ್ದ ನಾವು ಅಸ್ಟೋರಿಯಾದಲ್ಲಿ ಕಾರಿನ ಬಾಗಿಲು ತೆಗೆದರೆ ಮಂಜು, 15 ಡಿಗ್ರಿ. ಜುಲೈ ಇರಲಿ ಆಗಸ್ಟ್ ಇರಲಿ, ಇಲ್ಲಿಗೆ ಬರುವಾಗ ಸ್ವೆಟರ್ ಬೇಕೇ ಬೇಕು. ಅಪ್ಪನಿಗೆ ನನ್ನ ಶಾಲು ಹೊದೆಸಿದೆ. ಮಧ್ಯಾಹ್ನ ಊಟ ತಪ್ಪಿಸಿದ್ದೆವು. ಹಳೆಯ ಬಲೆದೋಣಿಯನ್ನೇ ಅಂಗಡಿ ಮಾಡಿ ಟ್ಯೂನಾ ಕರಿದು ಕೊಡುವ ಕಡೆ ಸಾಲಲ್ಲಿ ನಿಂತು ತಿಂದೆವು. ಬಿಸಿ ಬಿಸಿ ತುಂಡಿನ ಮೇಲೆ ಅಪ್ಪ ಚಟ್ನಿಪುಡಿ ಉದುರಿಸಿಕೊಂಡರು. ಮಗಳೂ ಹಾಗೇ ತಿಂದಳು. ರಾತ್ರಿ ಇಡೀ ಸಮುದ್ರಸಿಂಹಗಳ ಕೂಗು.

ಮೂರನೇ ದಿನ: ತಿನ್ನುವವರು, ತಿನಿಸು

ಬೆಳಿಗ್ಗೆ ಒಂಬತ್ತಕ್ಕೆ ದೋಣಿ. ಗಾಳ ಹಾಕಿಸುವವರ ಜೊತೆ ಅರ್ಧ ದಿನದ ಮಾತಾಗಿತ್ತು. ಹಿಡಿದು ವಾಪಸ್ ಬಿಡುವುದಷ್ಟೇ, ಮನೆಗೆ ತರುವ ಹಾಗಿಲ್ಲ. ಇಟ್ಟುಕೊಳ್ಳಲು ಬಿಟ್ಟರೂ ವರ್ಷದಲ್ಲಿ ಕೆಲವೇ ದಿನ, ಅದೂ ನಿಗದಿ ಮಾಡಿದ ಉದ್ದದ ಮೀನನ್ನು ಮಾತ್ರ. ದೊಡ್ಡವನ್ನು ನೀರಿಂದ ಮೇಲೆತ್ತುವಂತೆಯೂ ಇಲ್ಲ. ಗಾಳಕ್ಕೆ ಹಿಮ್ಮುಳ್ಳು ಇರಬಾರದು. ದೊಡ್ಡವರಿಗೆ ಲೈಸೆನ್ಸ್ ಬೇಕು, ಫೋನಿನಲ್ಲೇ ಸಿಗುತ್ತದೆ; ಹನ್ನೆರಡರ ಒಳಗಿನ ಮಕ್ಕಳಿಗೆ ಬೇಡ. ಅಪ್ಪ ನೋಡಲು ಮಾತ್ರ ಬಂದರು.

ಈ ಕಟ್ಟುನಿಟ್ಟಿಗೆ ಕಾರಣ ಇದೆ. 1892ರಲ್ಲಿ ಈ ಹೊಳೆಯಿಂದ ಒಂದೇ ವರ್ಷ ಸುಮಾರು 25 ಲಕ್ಷ ಕಿಲೋ ಸ್ಟರ್ಜನ್ ಹಿಡಿದರು. ಆ ದಶಕ ಮುಗಿಯುವ ಮೊದಲೇ ಮೀನು ಮುಗಿದಿತ್ತು. ಒಂದು ಹೆಣ್ಣು ಮೊದಲ ಸಲ ಮೊಟ್ಟೆ ಇಡಲು ಹದಿನೈದು, ಇಪ್ಪತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ ವರ್ಷ ಬೇಕು. ಹೀಗಿರುವಾಗ ಒಮ್ಮೆ ಬರಿದಾದ ಹೊಳೆ ಮತ್ತೆ ಯಾವಾಗ ತುಂಬಬೇಕು?

ದೋಣಿಯವನಿಗೆ ಐವತ್ತರ ಆಸುಪಾಸು, ಮಾತು ಕಡಿಮೆ, ಕೈ ಚುರುಕು. ಉಬ್ಬರ ಶುರುವಾಗುತ್ತಿತ್ತು. ನೀರು ಏರುವಾಗ ಸ್ಟರ್ಜನ್ ಆಳದ ಕಾಲುವೆ ಬಿಟ್ಟು ಕೆಸರು ಬಯಲಿನ ಮೇಲೆ ಮೇಯಲು ಬರುತ್ತವೆ, ಇಳಿಯುವಾಗ ಮತ್ತೆ ಕಾಲುವೆಗೆ ಜಾರುತ್ತವೆ ಅಂದ. ಗದ್ದೆಗೆ ದನ ಬಿಟ್ಟ ಹಾಗೆ ಅಂತ ನಾನು ಅಪ್ಪನಿಗೆ ಹೇಳಿದೆ. ಬಯಲಿನ ಅಂಚಿಗೆ ಲಂಗರು ಹಾಕಿ, ಡಬ್ಬಿ ತೆಗೆದು, ಗಾಳಕ್ಕೆ ಸಿಗಡಿ ಚುಚ್ಚಿದ. ಮಣ್ಣಲ್ಲಿ ಬಿಲ ತೋಡಿ ಬದುಕುವ ಸಿಗಡಿ, ಎರೆ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಅಪ್ಪ ಒಂದನ್ನು ಕೈಗೆತ್ತಿಕೊಂಡು "ಶೆಟ್ಲಿ ಅಲ್ಲ ಇದು, ಸಿಪ್ಪೆ ಬಹಳ ಮೆತ್ತಗೆ" ಅಂದರು. ನಾಲ್ಕನೇ ದಿನ ಇದೇ ಸಿಗಡಿ ಮತ್ತೆ ಎದುರಾಗಲಿದೆ ಅಂತ ನಮಗೆ ಗೊತ್ತಿರಲಿಲ್ಲ.

ಮೊದಲ ಮೀನು ಇಪ್ಪತ್ತು ನಿಮಿಷಕ್ಕೆ. ಕೋಲಿನ ತುದಿ ಟಕ ಟಕ ಅಂತ ನಡುಗಿತು. "ಶೇಕರ್" ಅಂದ ದೋಣಿಯವನು. ಎಳೆಯ ಸ್ಟರ್ಜನ್‌ಗೆ ಇಲ್ಲಿಯವರು ಇಟ್ಟ ಹೆಸರು ಅದು. ಮಗಳೂ ನಾನೂ ಸೇರಿ ಎಳೆದೆವು. ಎರಡು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ. ಅವನು ಒದ್ದೆ ಕೈಯಲ್ಲಿ ಹಿಡಿದು, ನೀರು ತುಂಬಿದ ತೊಟ್ಟಿಯಲ್ಲಿಟ್ಟು ತೋರಿಸಿದ.

ನಾನು ಮೊದಲ ಸಲ ಮುಟ್ಟಿದೆ. ಬೆನ್ನು, ಪಕ್ಕೆ ಉದ್ದಕ್ಕೂ ಮೂಳೆಯ ಬಿಲ್ಲೆಗಳ ಸಾಲು, ಒಂದೊಂದಕ್ಕೂ ಚೂಪು ಮೊನೆ. ವಯಸ್ಸಾದಂತೆ ಈ ಮೊನೆ ಸವೆಯುತ್ತದೆ. ಹರ್ಮನ್‌ನ ಮೈ ಹೇಗೆ ನುಣುಪಾಗಿತ್ತು ಅಂತ ಆಗ ನೆನಪಾಯಿತು. ಬಿಲ್ಲೆಗಳ ನಡುವಿನ ಚರ್ಮ ಉಪ್ಪುಕಾಗದದ ಹಾಗೆ ತರಿ ತರಿ. ಮೀಸೆ ಮಾತ್ರ ನೆನೆದ ಶಾವಿಗೆಯಷ್ಟು ಮೆತ್ತಗೆ. ಮೈಯನ್ನು ಪಕ್ಕಕ್ಕೆ ಹೊರಳಿಸಿದಾಗ ಬಾಯಿ ಎರಡು ಸಲ ಹೊರಗೆ ಚಾಚಿ ಒಳಗೆ ಹೋಯಿತು, ಹಾಲು ಕುಡಿಯುವ ಕರುವಿನ ಬಾಯಿಯ ಹಾಗೆ. ಮಗಳು ಬೆರಳು ಕೊಟ್ಟಳು. ಅದು ಬೆರಳನ್ನು ಹೀರಿತು! ಅವಳು ಕಿರುಚಲಿಲ್ಲ, ನಗಲೂ ಇಲ್ಲ, ಸುಮ್ನೆ ನೋಡುತ್ತಾ ನಿಂತಳು.

ಎಡಪಕ್ಕೆಯ ಸಾಲಿನಲ್ಲಿ ತಲೆಯ ಹಿಂದೆ ಒಂದು ಬಿಲ್ಲೆ ಇರಲಿಲ್ಲ. ಮೀನುಗಾರಿಕೆ ಇಲಾಖೆಯವರು ಒಮ್ಮೆ ಹಿಡಿದ ಮೀನಿಗೆ ಗುರುತಿಗಾಗಿ ಒಂದು ಬಿಲ್ಲೆ ತೆಗೆಯುತ್ತಾರೆ, ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ ಸೇರಿಸುತ್ತಾರೆ ಅಂದ ದೋಣಿಯವನು. ಈ ಮರಿ ಆಗಲೇ ಯಾರದೋ ಲೆಕ್ಕದ ಪುಸ್ತಕದಲ್ಲಿದೆ ಅಂತಾಯಿತು. ನೀರಿಗೆ ಬಿಟ್ಟಾಗ ಒಂದು ಕ್ಷಣ ದೋಣಿಯ ನೆರಳಲ್ಲೇ ನಿಂತು ಆಮೇಲೆ ಕೆಳಗೆ ಹೋಯಿತು. ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಸಿಕ್ಕವು, ಎಲ್ಲ ಶೇಕರ್‌ಗಳೇ.

ಅಷ್ಟಾದರೂ ಮಗಳ ಪ್ರಶ್ನೆ ಹಾಗೇ ಇತ್ತು. ಸಿಗಡಿ ನಾವು ಕೊಟ್ಟಿದ್ದು. ಅದು ತಾನಾಗಿ ತಿನ್ನುವುದು ಏನನ್ನು?

ಊಟ ಆದ ಮೇಲೆ ಅಪ್ಪನಿಗೆ ಇನ್ನೊಂದು ಜಾಗ ತೋರಿಸುವುದಿತ್ತು. ಅಸ್ಟೋರಿಯಾದ ಮರದ ಮಿಲ್ಲಿನಲ್ಲಿ ನೂರು ವರ್ಷದ ಹಿಂದೆ ಪಂಜಾಬಿನಿಂದ ಬಂದ ಕೂಲಿಗಳು ಕೆಲಸ ಮಾಡುತ್ತಿದ್ದರು. 1913ರಲ್ಲಿ ಅವರೆಲ್ಲ ಇಲ್ಲಿಯ ಫಿನ್ನಿಶ್ ಜನರ ಸಭಾಭವನದಲ್ಲಿ ಸೇರಿ ಸಭೆ ಮಾಡಿದರು. ಲಾಲಾ ಹರದಯಾಳ್, ಸೋಹನ್ ಸಿಂಗ್ ಭಕ್ನಾ ಬಂದಿದ್ದರು. ಬ್ರಿಟಿಷರ ವಿರುದ್ಧ ಹೋರಾಡಿದ ಗದರ್ ಪಕ್ಷ ಶುರುವಾಗಿದ್ದು ಹಾಗೆ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟ ಅಪ್ಪ ಹೊಳೆಯ ಕಡೆ ಮುಖ ಮಾಡಿ ತುಂಬಾ ಹೊತ್ತು ನಿಂತರು. "ಪಾಠದಲ್ಲಿ ಒಂದು ಸಾಲು ಇರ್ತಿತ್ತು. ಈ ಊರು ಅಂತ ಬರೆದಿರ್ಲಿಲ್ಲ" ಅಂದರು.

ಸಂಜೆ ಏಳಕ್ಕೆ ಎರಡನೇ ಇಳಿತ. ಇಲ್ಲಿ ದಿನದ ಎರಡು ಇಳಿತ ಒಂದೇ ಥರ ಇರುವುದಿಲ್ಲ. ಬೇಸಿಗೆಯಲ್ಲಿ ಬೆಳಗಿನದು ಆಳಕ್ಕಿಳಿಯುತ್ತದೆ, ಸಂಜೆಯದು ಅಷ್ಟಿಲ್ಲ. ಆದರೂ ಯಂಗ್ಸ್ ಬೇ ಅಂಚಿನಲ್ಲಿ, ದೋಣಿ ಇಳಿಸುವ ಇಳಿಜಾರಿನ ಪಕ್ಕ, ಒಂದಿಷ್ಟು ಕೆಸರು ತೆರೆದುಕೊಂಡಿತ್ತು. ಒಂಬತ್ತರವರೆಗೆ ಬೆಳಕಿರುತ್ತದೆ, ಅವಸರ ಇರಲಿಲ್ಲ. ಮಗಳು ನಾಲ್ಕು ಹೆಜ್ಜೆ ಮುಂದೆ ಹೋದಳು, ಐದನೇ ಹೆಜ್ಜೆಗೆ ಬೂಟು ಮಂಡಿವರೆಗೆ ಹೂತಿತು. ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. "ಕಾಲು ನೇರ ಎಳೀಬೇಡ ಪುಟ್ಟಿ, ಹಿಮ್ಮಡಿ ಮೊದಲು ಎತ್ತು" ಅಂತ ಅಪ್ಪ ಇಳಿಜಾರಿನ ಮೇಲಿಂದಲೇ ಹೇಳಿದರು. ಕೊನೆಗೆ ತಾವೇ ಪ್ಯಾಂಟ್ ಮಡಚಿ, ಬರಿಗಾಲಲ್ಲಿ ಇಳಿದು, ಅಡ್ಡಡ್ಡ ಹೆಜ್ಜೆ ಇಡುತ್ತಾ ಹೋಗಿ ಬೂಟು ತಂದರು. ಒಂದೂ ಸಲ ಹೂಳಲಿಲ್ಲ. ಕೆಸರಲ್ಲಿ ನಡೆಯುವ ವಿದ್ಯೆ ಅರವತ್ತು ವರ್ಷವಾದರೂ ಮರೆತುಹೋಗುವುದಿಲ್ಲ.

ಇದನ್ನೆಲ್ಲ ನಾಯಿ ಹಿಡಿದುಕೊಂಡು ನೋಡುತ್ತಿದ್ದ ಒಬ್ಬ ಹೆಂಗಸು ಹತ್ತಿರ ಬಂದರು. ಬಿಳಿ ಕೂದಲು, ರಬ್ಬರ್ ಬೂಟು. ಏನು ಹುಡುಕುತ್ತಿದ್ದೀರಿ ಅಂತ ಕೇಳಿದರು. ಮಗಳು ತನ್ನ ಪ್ರಶ್ನೆ ಹೇಳಿದಳು. ಅವರ ಮುಖವೇ ಬೇರೆ ಆಯಿತು. ವಯಸ್ಸಿನಲ್ಲಿ ಅವರು ಇದೇ ಹೊಳೆಯಲ್ಲಿ ಮೀನಿನ ಸರ್ವೆ ದೋಣಿಗಳಲ್ಲಿ ದುಡಿದವರು! "ಜರಡಿ ಇದೆಯಾ?" ಅಂದರು.

ನಮ್ಮ ಹತ್ತಿರ ಇದ್ದದ್ದು ಚಾ ಜರಡಿ.

ಅಪ್ಪ ಒಂದು ಮುಷ್ಟಿ ಕೆಸರು ಹಾಕಿ ನೀರಲ್ಲಿ ಅಲುಗಾಡಿಸಿದರು. ಮಣ್ಣು ಹೊಗೆಯ ಹಾಗೆ ಕರಗಿ ಹೋಯಿತು. ಜರಡಿಯ ತಳದಲ್ಲಿ ಸ್ವಲ್ಪ ಮರಳು, ಕೊಳೆತ ಎಲೆ ಚೂರು, ಅದರ ನಡುವೆ ಏನೋ ಮಿಸುಕಾಡುತ್ತಿತ್ತು. ಒಂದಲ್ಲ, ಹತ್ತಿಪ್ಪತ್ತು. ಅಕ್ಕಿಕಾಳಿಗಿಂತ ಚಿಕ್ಕವು, ಬೂದು ಬಣ್ಣ, ಮುಂದೆ ಎರಡು ದಪ್ಪ ಕೊಂಬು ಚಾಚಿಕೊಂಡು ತೆವಳುತ್ತಿದ್ದವು. ಮಗಳ ಅಂಗೈಗೆ ಹಾಕಿದರೆ ಕಚಗುಳಿ ಇಟ್ಟ ಹಾಗಂತೆ. ಇದೇ ಕೊರೋಫಿಯಂ. ಸಿಗಡಿಯ ದೂರದ ಸಂಬಂಧಿ. ಕೆಸರಲ್ಲಿ ಇಂಗ್ಲಿಷಿನ ಯು ಅಕ್ಷರದ ಹಾಗೆ ಕೊಳವೆ ಮಾಡಿಕೊಂಡು ಅದರೊಳಗೆ ಇರುತ್ತದೆ, ರಾತ್ರಿ ಹೊರಗೆ ಬಂದು ಈಜುತ್ತದೆ. ಒಳ್ಳೆಯ ಕೆಸರಿದ್ದರೆ ಒಂದು ಚದರ ಮೀಟರಿನಲ್ಲಿ 10,000ಕ್ಕಿಂತ ಜಾಸ್ತಿ.

"ನಿಮ್ಮ ಮೀನಿನ ಊಟ ಇದೇ" ಅಂದರು ಅವರು.

ಹೇಗೆ ಗೊತ್ತಾಯಿತು ಅಂತ ಅಪ್ಪ ಕೇಳಿದರು, ನಾನು ಅನುವಾದ ಮಾಡಿದೆ. ಮೊದಲೆಲ್ಲ ಮರಿಗಳ ಹೊಟ್ಟೆ ಕೊಯ್ದು ಒಳಗಿದ್ದದ್ದನ್ನು ತಟ್ಟೆಗೆ ಸುರಿದು ಎಣಿಸುತ್ತಿದ್ದರು. ಆಮೇಲೆ ಕೊಲ್ಲದೆ ನೋಡುವ ದಾರಿ ಬಂತು. ತೆಳುವಾದ ಮೆತ್ತನೆ ನಳಿಕೆಯನ್ನು ಬಾಯಿಯಿಂದ ಹೊಟ್ಟೆಗೆ ಬಿಟ್ಟು ನಿಧಾನಕ್ಕೆ ನೀರು ಹಾಯಿಸಿದರೆ ತಿಂದದ್ದು ಹೊರಗೆ ಬರುತ್ತದೆ. ಸ್ಟರ್ಜನ್‌ನ ಅನ್ನನಾಳ, ಹೊಟ್ಟೆ ತಿರುವು ತಿರುವಾಗಿವೆ, ಗಾಳಿಚೀಲ ಪಕ್ಕದಲ್ಲೇ ಇದೆ. ಅವಸರ ಮಾಡಿದರೆ ಮರಿ ಸಾಯುತ್ತದೆ. ಹೊರಬಂದದ್ದರಲ್ಲಿ ಮರಳು, ಕಸ, ಮತ್ತೆ ಇವು, ರಾಶಿ ರಾಶಿ ಇವು. ಚಿಕ್ಕ ಮರಿಗಳ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಕೊರೋಫಿಯಂ. ದೊಡ್ಡದಾದಂತೆ ಚಿಪ್ಪು, ಸಿಗಡಿ, ಮೀನು ಸೇರಿಕೊಳ್ಳುತ್ತವೆ. ಸಮುದ್ರಕ್ಕೆ ಹೊರಟ ಸಾಲ್ಮನ್ ಮರಿಗಳೂ ಇಲ್ಲಿ ನಿಂತು ಇದನ್ನೇ ತಿನ್ನುತ್ತವೆ, ದಂಡೆಯ ಹಕ್ಕಿಗಳೂ ಸಹ.

1980ರ ಮೇ 18ರ ನೆನಪನ್ನೂ ಅವರು ಹೇಳಿದರು. ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಬೆಟ್ಟ ಸಿಡಿದ ದಿನ. ಕೌಲಿಟ್ಜ್ ಹೊಳೆಯಿಂದ ಬಂದ ಕೆಸರಿಗೆ ಕೊಲಂಬಿಯಾದ ಹಡಗು ದಾರಿ 12 ಮೀಟರ್ ಆಳ ಇದ್ದದ್ದು ಸುಮಾರು 4 ಮೀಟರಿಗೆ ಬಂತು, ಹಡಗುಗಳು ಮೇಲೆಯೇ ಸಿಕ್ಕಿಬಿದ್ದವು. "ಎಲ್ಲರೂ ಹಡಗಿನ ಲೆಕ್ಕ ಹಾಕ್ತಿದ್ರು. ನಾವು ಕೆಲವರು ಕೆಸರಿನ ಕೆಳಗೆ ಹೂತುಹೋದವರ ಲೆಕ್ಕ ಹಾಕ್ತಿದ್ವಿ" ಅಂದರು.

ಮಗಳು ಜರಡಿಯನ್ನು ಅದೇ ಜಾಗದಲ್ಲಿ ಮೆಲ್ಲಗೆ ತೊಳೆದು ಎಲ್ಲವನ್ನೂ ವಾಪಸ್ ಬಿಟ್ಟಳು. ರಾತ್ರಿ ಚಾ ಮಾಡುವ ಮೊದಲು ಅಪ್ಪ ಆ ಜರಡಿಯನ್ನು ಮೂರು ಸಲ ಕುದಿಸಿದರು.

ನಾಲ್ಕನೇ ದಿನ: ವಿಲಾಪಾ

ಬೆಳಗಿನ ಇಳಿತ ಹಿಡಿಯಬೇಕು ಅಂತ ಆರಕ್ಕೇ ಹೊರಟೆವು. ಮತ್ತೆ ಸೇತುವೆ, ಇಲ್ವಾಕೊ, ಲಾಂಗ್ ಬೀಚ್, ಅಲ್ಲಿಂದ ನಹ್ಕಾಟಾ. ತುಂತುರು ಮಳೆ, ನಮ್ಮ ಊರಿನ ಜೂನ್ ತಿಂಗಳ ಹಾಗೆ. ವಿಲಾಪಾ ಕೊಲ್ಲಿ ಕೊಲಂಬಿಯಾದ ಪಕ್ಕದ ಅಳಿವೆ. ಇಳಿತಕ್ಕೆ ಅರ್ಧದಷ್ಟು ಕೊಲ್ಲಿ ಖಾಲಿಯಾಗಿ ಕಣ್ಣು ಹಾಯುವವರೆಗೆ ಕೆಸರು. ಇಡೀ ದಂಡೆ ಕಲ್ವದ, ಅಂದರೆ ಆಯ್‌ಸ್ಟರ್‌ನ, ಚಿಪ್ಪಿನ ಗುಡ್ಡೆಗಳು. ಅಮೆರಿಕದಲ್ಲಿ ಕಲ್ವ ಬೆಳೆಯುವ ದೊಡ್ಡ ಜಾಗಗಳಲ್ಲಿ ಇದೊಂದು.

ಒಂದು ಮಾತು ಗೊತ್ತಿರಲಿ: ಇಲ್ಲಿ ಕೆಸರಿಗೂ ಮಾಲೀಕರಿದ್ದಾರೆ. ಖಾಲಿ ಕಾಣುತ್ತದೆ ಅಂತ ಇಳಿದರೆ ಯಾರದೋ ಬೆಳೆ ತುಳಿದ ಹಾಗೆ. ಉತ್ತರದ ತುದಿಯ ಲೆಡ್‌ಬೆಟರ್ ಪಾಯಿಂಟ್ ಸರ್ಕಾರಿ ಪಾರ್ಕು, ಅಲ್ಲಿ ಪಾಸು ತೆಗೆದುಕೊಂಡರೆ ದಂಡೆಯಲ್ಲಿ ನಡೆಯಬಹುದು. ನಮಗೆ ನಹ್ಕಾಟಾ ಜೆಟ್ಟಿಯಲ್ಲೇ ಅದೃಷ್ಟ ಕೂಡಿ ಬಂತು. ಕಲ್ವ ಬೆಳೆಯುವ ಒಬ್ಬ ವಯಸ್ಸಾದವರ ಜೊತೆ ಅಪ್ಪ ಕೈಸನ್ನೆಯಲ್ಲೇ ಮಾತಿಗೆ ಶುರು ಮಾಡಿದ್ದರು. ಜೇಬಿನಿಂದ ಪ್ಯೂಜೆಟ್ ದ್ವೀಪದ ಚಿಪ್ಪು ತೆಗೆದು ತೋರಿಸಿದ್ದರು. ನಾನು ಹೋಗುವ ಹೊತ್ತಿಗೆ ಇಬ್ಬರೂ ಚಿಪ್ಪು ಬಿಚ್ಚುವ ಚಾಕುವಿನ ಬಗ್ಗೆ ಚರ್ಚೆ ಮಾಡುತ್ತಿದ್ದರು, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ.

ಅವರೇ ತಮ್ಮ ಜಾಗದ ಅಂಚಿಗೆ ಕರೆದುಕೊಂಡು ಹೋದರು. ಕೆಸರಿನ ತುಂಬ ಸಣ್ಣ ಸಣ್ಣ ತೂತು, ಜರಡಿಯ ಹಾಗೆ. ಒಂದು ಕೊಳವೆ ಪಂಪನ್ನು ತೂತಿನ ಮೇಲಿಟ್ಟು ಎಳೆದು ಮರಳು ಸುರಿದರು. ಅದರಲ್ಲಿ ಬಂದದ್ದು ನಿನ್ನೆಯ ಎರೆಯ ಸಿಗಡಿ! ಬಿಳಿಚಿದ ಗುಲಾಬಿ ಬಣ್ಣ, ಒಂದು ಕೊಂಡಿ ಮಾತ್ರ ದೊಡ್ಡದು. ಘೋಸ್ಟ್ ಶ್ರಿಂಪ್ ಅನ್ನುತ್ತಾರೆ. ಇದು ಕೊರೆದ ನೆಲ ಹಿಟ್ಟಿನ ಹಾಗೆ ಸಡಿಲವಾಗುತ್ತದೆ. ಮೇಲೆ ಬಿಟ್ಟ ಕಲ್ವ ಮುಳುಗಿ ಉಸಿರುಕಟ್ಟಿ ಸಾಯುತ್ತದೆ. ಇದನ್ನು ಕೊಲ್ಲಲು 1963ರಿಂದ ಸುಮಾರು ಐವತ್ತು ವರ್ಷ ಕಾರ್ಬರಿಲ್ ಅನ್ನುವ ವಿಷ ಸಿಂಪಡಿಸಿದರು, 2013ರಲ್ಲಿ ನಿಲ್ಲಿಸಿದರು. ಬದಲಿಗೆ ಇನ್ನೊಂದು ಕೀಟನಾಶಕ ಕೇಳಿದರು, 2018ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಆ ಹಿರಿಯರಿಗೆ ಇದರ ನೋವಿದೆ. ಅಜ್ಜನ ಕಾಲದ ಹಾಸುಗಳು ಕೈಬಿಟ್ಟವು ಅಂತ ಬೆರಳು ಮಾಡಿ ತೋರಿಸಿದರು. ಅವರ ಕಷ್ಟ ನಿಜವಾದದ್ದು. ಆದರೂ ಐವತ್ತು ವರ್ಷ ಅಳಿವೆಯ ಕೆಸರಿಗೆ ವಿಷ ಹಾಕಿದ್ದು ಸರಿ ಅಂತ ನನಗೆ ಅನ್ನಿಸಲಿಲ್ಲ.

ಯಾಕೆಂದರೆ ಸ್ವಲ್ಪ ಮುಂದೆ ಹೋದಾಗ ಅವರೇ ಇನ್ನೊಂದು ತೋರಿಸಿದರು. ಕೆಸರಲ್ಲಿ ದುಂಡನೆಯ ತಗ್ಗುಗಳು, ಹರಿವಾಣದಷ್ಟು ಅಗಲ, ಒಂದು ಗೇಣಿಗಿಂತ ಕಡಿಮೆ ಆಳ, ನೀರು ನಿಂತಿತ್ತು. ಅಲ್ಲೊಂದು ಇಲ್ಲೊಂದು ಅಲ್ಲ, ಹತ್ತಾರು. ಸ್ಟರ್ಜನ್‌ನ ಇನ್ನೊಂದು ಜಾತಿ, ಹಸಿರು ಸ್ಟರ್ಜನ್, ಮೇದ ಗುರುತು ಅದು. ಉಬ್ಬರಕ್ಕೆ ಬಂದು, ಮೂತಿ ಒತ್ತಿ, ಬಿಲದಿಂದ ಸಿಗಡಿಯನ್ನು ಹೀರಿ ಎಳೆದುಕೊಳ್ಳುತ್ತವೆ. ಇವು ಕೂಸುಗಳಲ್ಲ, ಬೆಳೆಯುವ ಪ್ರಾಯದವು ಮತ್ತು ದೊಡ್ಡವು. ಇಲ್ಲಿಗೆ ಬರುವವುಗಳಲ್ಲಿ ಬಹಳಷ್ಟು ಹುಟ್ಟಿದ್ದು ದೂರದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹೊಳೆಯಲ್ಲಿ. ಮೊದಲ ಕೆಲವು ವರ್ಷ ಅಲ್ಲಿಯ ಹೊಳೆ, ಅಳಿವೆಯಲ್ಲಿದ್ದು, ಆಮೇಲೆ ಸಮುದ್ರ ಸೇರಿ, ಬೇಸಿಗೆಗೆ ಇಲ್ಲಿಗೆ ಬರುತ್ತವೆ. 2006ರಿಂದ ಆ ಗುಂಪಿಗೆ ಕಾನೂನಿನ ರಕ್ಷಣೆ ಇದೆ.

ಅಪ್ಪ ಒಂದು ತಗ್ಗಿನ ಪಕ್ಕ ಕೂತರು. ಅಂಚಿನ ಮೇಲೆ ಬೆರಳಾಡಿಸಿದರು. ಮಗಳು ತನ್ನ ಎರಡೂ ಅಂಗೈ ಸೇರಿಸಿ ಅದರ ಅಗಲ ಅಳೆದಳು. ಮಳೆ ನಿಂತಿತ್ತು. ಅಷ್ಟರಲ್ಲಿ ನೀರು ತಿರುಗಿತು. ಮೊದಲು ಸಣ್ಣ ಕಾಲುವೆಗಳು ತುಂಬಿದವು, ಆಮೇಲೆ ತಗ್ಗುಗಳು ಒಂದೊಂದಾಗಿ ಮುಳುಗಿದವು. ಹಿರಿಯರು ಹಿಂದೆ ತಿರುಗಿ ನೋಡದೆ ದಂಡೆಯ ಕಡೆ ನಡೆದರು, ನಾವೂ ಅವರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟೆವು.

ಮಧ್ಯಾಹ್ನ ಒಂದು ಡಜನ್ ಕಲ್ವ ಕೊಂಡು ಪಾರ್ಕಿನ ಮೇಜಿನ ಮೇಲೆ ಒಲೆ ಹಚ್ಚಿದೆವು. ಕಾಯಿ ಇರಲಿಲ್ಲ. ಈರುಳ್ಳಿ, ಖಾರದ ಪುಡಿ, ಉಳಿದ ಚಟ್ನಿಪುಡಿ ಹಾಕಿ ಅಪ್ಪನೇ ಹುರಿದರು. ಅವಲಕ್ಕಿ ಜೊತೆ ತಿಂದೆವು.

ಮನೆ ತಲುಪಿದಾಗ ಸಂಜೆ ಏಳು. ಊರಲ್ಲಿ ಬೆಳಿಗ್ಗೆ ಏಳೂವರೆ. ಅಪ್ಪ ಚಪ್ಪಲಿ ಬಿಡುವ ಮೊದಲೇ ಚಿಕ್ಕಪ್ಪನಿಗೆ ಫೋನ್ ಹಚ್ಚಿದರು. ಹರ್ಮನ್, ಸೇತುವೆ, ಗದರ್ ಯಾವುದೂ ಹೇಳಲಿಲ್ಲ.

"ಇವತ್ತು ಇಳಿತ ಎಷ್ಟೊತ್ತಿಗೋ? ಹನ್ನೊಂದಕ್ಕಾ? ಹಂಗಾರೆ ಒಂದು ಕೆಲಸ ಮಾಡು ತಮ್ಮಾ. ಅಡುಗೆಮನೆಯಿಂದ ಚಾ ಜರಡಿ ತಕೊಂಡು ಹೊಳೆಗಿಳಿ."